ದೊಡ್ಡ ಊರಿನ ಚರ್ಚಿನಲ್ಲಿ ನಮ್ಮವರು ಅನ್ನಿಸಿಕೊಳ್ಳುವುದು ಹೇಗೆ?

ಬೆಟಗೇರಿಯವಳು

ಎಲ್ಲರಿಗೂ ವಂದನೆ. ಊರು ಬಿಟ್ಟು ಬೇರೆ ಕಡೆ ಹೋಗಿ ಅಲ್ಲಿನ ಸಭೆ ಸೇರಿದವರು ಇಲ್ಲಿ ಯಾರಾದರೂ ಇದ್ದೀರಾ? ಕೆಲಸಕ್ಕೋ, ಮದುವೆಯಾಗಿಯೋ, ಹೇಗಾದರೂ ಸರಿ. "ಇದು ನನ್ನ ಚರ್ಚು" ಅಂತ ನಿಮಗೆ ಯಾವಾಗ ಅನ್ನಿಸಿತು? ಏನಾದ ಮೇಲೆ ಅನ್ನಿಸಿತು?

ನಾನು ಗದಗ-ಬೆಟಗೇರಿಯವಳು. ಬಾಸೆಲ್ ಮಿಶನ್ ಅನ್ನುವ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯವರು 1841ರಲ್ಲಿ ಕೆಲಸ ಶುರು ಮಾಡಿದ ಊರು ಅದು. ನಮ್ಮ ಮನೆಯವರು ತಲೆಮಾರುಗಳಿಂದ ಅಲ್ಲಿನ ಸಭೆಯವರೇ. ಒಂದು ಭಾನುವಾರ ಆರಾಧನೆಗೆ ಹೋಗದಿದ್ದರೆ ಊಟದ ಹೊತ್ತಿಗೆ ಯಾರಾದರೂ ಮನೆಗೆ ಬಂದು "ಯಾಕವಾ, ಆರಾಮ ಇಲ್ಲೇನ?" ಅಂತ ಕೇಳುತ್ತಾರೆ.

ಈಗ ಬೆಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹೋಗುತ್ತಿರುವುದು ದೊಡ್ಡ ಚರ್ಚು. ಕನ್ನಡ ಆರಾಧನೆ ಇದೆ, ಪ್ರಸಂಗ, ಅಂದರೆ ಪಾಸ್ಟರ್ ಉಪದೇಶ, ಚೆನ್ನಾಗಿರುತ್ತದೆ, ಗಾಯನ ತಂಡ ಇನ್ನೂ ಚೆನ್ನಾಗಿದೆ. ಬಾಗಿಲಲ್ಲಿ ನಗುತ್ತಾ ಹಾಳೆ ಕೊಡುತ್ತಾರೆ. ಮುಗಿದ ಮೇಲೆ ಎಲ್ಲರೂ ಗುಂಪು ಗುಂಪಾಗಿ ನಿಂತು ಮಾತಾಡುತ್ತಾರೆ, ನಾನು ಬಸ್ ಸ್ಟಾಪಿಗೆ ಹೋಗುತ್ತೇನೆ. ಯಾರೂ ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡಿಲ್ಲ. ಆದರೆ ನಾನು ಬಾರದೇ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ನೈಟ್ ಡ್ಯೂಟಿ ಬಿದ್ದಾಗ ವಾರಗಟ್ಟಲೆ ಹೋಗಿಲ್ಲ, ಒಬ್ಬರೂ ಕೇಳಲಿಲ್ಲ. ಅದು ನೋವು ಕೊಡುತ್ತದೆ.

ಗಾಯನ ತಂಡದ ಅಕ್ಕ

ತಂಗಿ, ನಾನು ಬಳ್ಳಾರಿಯಿಂದ ಬಂದವಳು, ನಿನ್ನ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡ ಚರ್ಚಿನಲ್ಲಿ ಭಾನುವಾರದ ಆರಾಧನೆಯಿಂದ ಪರಿಚಯ ಆಗುವುದಿಲ್ಲ. ಬೆಳಿಗ್ಗೆಯಿಂದ ಒಂದರ ಹಿಂದೆ ಒಂದು ಆರಾಧನೆ. ಮುಂದಿನವರಿಗೆ ಜಾಗ ಬಿಡಬೇಕು, ಪಾರ್ಕಿಂಗ್ ಖಾಲಿ ಮಾಡಬೇಕು. ಯಾರಿಗೂ ನಿಲ್ಲಲು ಪುರುಸೊತ್ತಿಲ್ಲ.

ಪರಿಚಯ ಆಗುವುದು ವಾರದ ನಡುವೆ. ನಿನ್ನ ಏರಿಯಾದಲ್ಲಿ ಮನೆ ಪ್ರಾರ್ಥನೆ ಕೂಟ ಇದೆಯಾ ಅಂತ ಚರ್ಚ್ ಆಫೀಸಿನಲ್ಲಿ ಕೇಳು. ಹತ್ತು ಹನ್ನೆರಡು ಜನ ಒಬ್ಬರ ಮನೆಯ ಹಾಲ್‌ನಲ್ಲಿ ಚಾಪೆ ಹಾಕಿ ಕೂರುತ್ತಾರೆ. ಅಲ್ಲಿ ಯಾರೂ ಕಾಣದೇ ಹೋಗುವುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಉಪ್ಪಿಟ್ಟು, ಟೀ. ಆ ಟೀ ಹೊತ್ತಿನಲ್ಲೇ ನನ್ನ ಅರ್ಧ ಬೆಂಗಳೂರು ಪರಿಚಯವಾದದ್ದು. ಪಿಜಿ ಹುಡುಕಿಕೊಟ್ಟವರು, ಅಮ್ಮನ ಆಪರೇಶನ್‌ಗೆ ರಕ್ತ ಕೊಟ್ಟವರು, ಎಲ್ಲರೂ ಆ ಕೂಟದವರೇ.

ಹಾಡಲು ಬರುತ್ತದೆಯಾ? ಬರುವುದಾದರೆ ಗಾಯನ ತಂಡಕ್ಕೆ ಸೇರು. ಅಲ್ಲಿ ಒಂದು ವಾರ ತಪ್ಪಿಸಿದರೆ ಫೋನ್ ಬರುತ್ತದೆ, ಯಾಕೆಂದರೆ ನಿನ್ನ ದನಿ ಅವರಿಗೆ ಬೇಕು.

ಕುಲಶೇಖರದ ಮಗ

ನಾನು ಮಂಗಳೂರು ಕಡೆಯ ಕ್ಯಾಥೊಲಿಕ್. ನಮ್ಮಲ್ಲಿ ವ್ಯವಸ್ಥೆ ಸ್ವಲ್ಪ ಬೇರೆ. ಯಾವ ಚರ್ಚಿಗೆ ಸೇರಬೇಕು ಅಂತ ನಾವು ಆರಿಸಿಕೊಳ್ಳುವುದು ಕಡಿಮೆ. ಮನೆ ಯಾವ ಧರ್ಮಕೇಂದ್ರದ ಗಡಿಯೊಳಗೆ ಇದೆಯೋ ಅದೇ ನಮ್ಮ ಚರ್ಚು. ಮನೆ ಬದಲಾಯಿಸಿದರೆ ಚರ್ಚೂ ಬದಲಾಗುತ್ತದೆ. ಚರ್ಚಿನ ಒಳಗೆ ವಾರ್ಡುಗಳಿರುತ್ತವೆ, ಒಂದೊಂದು ವಾರ್ಡಿಗೂ ಒಬ್ಬ ಗುರ್ಕಾರ್, ಅಂದರೆ ಮುಖಂಡ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ, ಎಲ್ಲ ಅವರಿಗೆ ಗೊತ್ತಿರಬೇಕು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮರಿಯಮ್ಮನ ಹುಟ್ಟುಹಬ್ಬದಲ್ಲಿ, ಇದು ಚೆನ್ನಾಗಿ ಕಾಣುತ್ತದೆ. ಮಕ್ಕಳು ಒಂಬತ್ತು ದಿನ ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಬೇಕು. ಅವತ್ತು ಮೀನು ಮಾಂಸ ಇಲ್ಲ, ತರಕಾರಿ ಊಟ. ತೆನೆ ಕೊಡುವುದು ಪ್ರತಿ ಕುಟುಂಬಕ್ಕೆ. ನಿನ್ನೆ ಮೊನ್ನೆ ಬಂದ ಮನೆಗೂ ಒಂದು ಪಾಲು ಇದೆ. ಊರು ಬಿಟ್ಟು ಒಬ್ಬರೇ ಇರುವವರನ್ನು ಯಾರಾದರೂ ಊಟಕ್ಕೆ ಕರೆಯಲೇಬೇಕು ಅಂತ ನಮ್ಮಮ್ಮ ಹಟ ಮಾಡುತ್ತಾರೆ.

ಬೆಟಗೇರಿಯವರೇ, ನಿಮ್ಮ ಸಭೆಯಲ್ಲೂ ಏರಿಯಾ ನೋಡಿಕೊಳ್ಳುವವರು ಯಾರೋ ಇರಬೇಕು. ಅವರ ಹೆಸರು ಕೇಳಿ ತಿಳಿದುಕೊಳ್ಳಿ.

ಸಭಾ ಹಿರಿಯ

ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಕಮಿಟಿಯಲ್ಲಿ ಇದ್ದೇನೆ. ಸಭೆಯ ಕಡೆಯಿಂದ ಮಾತಾಡುತ್ತೇನೆ.

ಸ್ವಾಗತ ಅಂದರೆ ಬಾಗಿಲಲ್ಲಿ ನಿಂತು ಕೈ ಮುಗಿಯುವುದು ಅಂತ ಬಹಳ ಸಭೆಗಳು ತಿಳಿದುಕೊಂಡಿವೆ. ಒಳಗೆ ಬರುವಾಗ ಯಾರಿಗೂ ಅಂಥ ತೊಂದರೆ ಇಲ್ಲ. ಬಂದು ಒಂದು ಬೆಂಚಿನಲ್ಲಿ ಕೂತರಾಯಿತು. ಕಷ್ಟ ಇರುವುದು ಆಶೀರ್ವಾದ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ. ಹೊಸಬರು ಒಬ್ಬರೇ ನಿಂತಿರುವುದು ಆವಾಗಲೇ. ಅದಕ್ಕೆ ನಮ್ಮಲ್ಲಿ ಬಾಗಿಲಲ್ಲಿ ನಿಲ್ಲುವವರಿಗಿಂತ ಮುಗಿದ ಮೇಲೆ ಅಂಗಳದಲ್ಲಿ ಓಡಾಡುವವರು ಜಾಸ್ತಿ ಇದ್ದಾರೆ. ಕಮಿಟಿಯವರು ಆ ಹೊತ್ತಿನಲ್ಲಿ ಒಬ್ಬರೊಬ್ಬರ ಜೊತೆ ಲೆಕ್ಕಪತ್ರ ಮಾತಾಡುವಂತಿಲ್ಲ.

ಎರಡನೆಯದು, ಹೆಸರು. ಮೊದಲ ವಾರ ಹೆಸರು ಕೇಳುವುದು ದೊಡ್ಡದಲ್ಲ. ಎರಡನೆಯ ವಾರ ಆ ಹೆಸರು ಹಿಡಿದು ಕರೆಯಬೇಕು. ನಾನು ಮನೆಗೆ ಹೋಗಿ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಇನ್ನೊಂದು, ನಮ್ಮ ಕೈಯಲ್ಲೇ ಇರುವ ಒಂದು ಒಳ್ಳೆಯ ಕ್ರಮವನ್ನು ನಾವು ಸುಮ್ನೆ ಅವಸರದಲ್ಲಿ ಮುಗಿಸುತ್ತೇವೆ. ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. 1950ರಲ್ಲಿ ಬಂದ ನಮ್ಮ ಆರಾಧನಾ ಕ್ರಮದಲ್ಲಿ ಸಮಾಧಾನ ಹಂಚುವ ಭಾಗ ಇದೆ. ಪಕ್ಕದವರ ಕೈಯನ್ನು ನಮ್ಮ ಎರಡೂ ಕೈಗಳ ನಡುವೆ ಹಿಡಿದು ಸಮಾಧಾನ ಕೊಡುವುದು. ಅದನ್ನು ನೋಡಿ ಬೇರೆ ದೇಶಗಳ ಸಭೆಗಳೂ ಕಲಿತವು. ಆ ಹೊತ್ತಿನಲ್ಲಿ ನಮ್ಮ ಹೆಂಡತಿ ಮಕ್ಕಳ ಕೈ ಮಾತ್ರ ಹಿಡಿದು ಕೂತರೆ ಏನು ಬಂತು? ಎದ್ದು ಹಿಂದಿನ ಸಾಲಿಗೆ ಹೋಗಬೇಕು.

ಟಿ. ನರಸೀಪುರ ರಸ್ತೆ

ಹಿರಿಯರೇ, ಒಪ್ಪುತ್ತೇನೆ. ಆದರೆ ಒಂದು ಬೇಡಿಕೆ. "ಮೊದಲ ಸಲ ಬಂದವರು ದಯವಿಟ್ಟು ಎದ್ದು ನಿಲ್ಲಿ" ಅಂತ ಮೈಕಿನಲ್ಲಿ ಕರೆಯುವುದನ್ನು ನಿಲ್ಲಿಸಿ. ನನ್ನ ಹಾಗೆ ಮಾತು ಕಡಿಮೆ ಇರುವವರಿಗೆ ಅದು ಹಿಂಸೆ. ಎಲ್ಲರೂ ತಿರುಗಿ ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಮರೆಯುತ್ತಾರೆ. ಆ ಚಪ್ಪಾಳೆಗೆ ಹೆದರಿ ಮತ್ತೆ ಬಾರದವರನ್ನು ನೋಡಿದ್ದೇನೆ.

ಸಭಾ ಹಿರಿಯ

ನಿಮ್ಮ ಮಾತು ಸರಿ. ಹಳ್ಳಿಯ ಸಭೆಯಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಆಮೇಲೆ ಎಲ್ಲರೂ ಬಂದು ಮಾತಾಡಿಸುತ್ತಾರೆ. ನಗರದಲ್ಲಿ ಬೇಡ.

ಮೈಸೂರಿನ ಸೊಸೆ

ನಾನು ಬೇರೆ ಥರದ ಹೊಸಬಳು. ಹುಟ್ಟಿದ್ದು ಹಿಂದೂ ಮನೆಯಲ್ಲಿ, ಮದುವೆಯಾದದ್ದು ಕ್ಯಾಥೊಲಿಕ್ ಹುಡುಗನನ್ನು. ದೀಕ್ಷಾಸ್ನಾನ ಪಡೆದಿಲ್ಲ. ಪಡೆಯಬೇಕು ಅಂತ ಅತ್ತೆಯವರೂ ಒತ್ತಾಯ ಮಾಡಿಲ್ಲ, ಫಾದರ್ ಕೂಡ ಮಾಡಿಲ್ಲ. ಆದರೂ ಭಾನುವಾರ ಚರ್ಚಿನ ಪೂಜೆಗೆ ಹೋಗುತ್ತೇನೆ, ಮನಸ್ಸಿಗೆ ಬೇಕು ಅನ್ನಿಸುತ್ತದೆ.

ಮೊದಮೊದಲು ಕಷ್ಟವಾಗುತ್ತಿದ್ದದ್ದು ಪರಮಪ್ರಸಾದದ ಹೊತ್ತು. ಅದು ದೀಕ್ಷಾಸ್ನಾನ ಪಡೆದವರಿಗೆ ಕೊಡುವ ಪವಿತ್ರ ರೊಟ್ಟಿ. ಇಡೀ ಸಾಲು ಎದ್ದು ಹೋಗುತ್ತದೆ, ನಾನೊಬ್ಬಳೇ ಕೂತಿರುತ್ತೇನೆ. ಕಾಲು ಮಡಚಿ ಎಲ್ಲರಿಗೂ ದಾರಿ ಬಿಡಬೇಕು. ನಾನು ಹೊರಗಿನವಳು ಅಂತ ಪ್ರತಿ ವಾರ ಎಲ್ಲರಿಗೂ ತೋರಿಸಿದ ಹಾಗೆ. ನಮ್ಮ ಅತ್ತೆ ಒಂದು ದಿನ ಏನೂ ಹೇಳದೆ ನನ್ನನ್ನು ಸಾಲಿನ ಒಳತುದಿಗೆ, ಗೋಡೆ ಪಕ್ಕಕ್ಕೆ ಕೂರಿಸಿದರು. ಯಾರೂ ನನ್ನನ್ನು ದಾಟಿ ಹೋಗಬೇಕಾಗಲಿಲ್ಲ. ಪ್ರಸಾದ ತೆಗೆದುಕೊಂಡು ಬಂದು ನನ್ನ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ನನ್ನ ಹೆಸರು ಹೇಳಿ.

ಮೇಲೆ ಎಲ್ಲರೂ ತಂಡ ಸೇರು, ಕೆಲಸ ಮಾಡು ಅಂತ ಬರೆದಿದ್ದೀರಿ. ನನಗೆ ಮೊದಲು ಬೇಕಾಗಿದ್ದದ್ದು ಸುಮ್ಮನೆ ಕೂರುವ ಅವಕಾಶ. ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಅದು ಸಿಗುತ್ತದೆ. ಆ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚಿ ಹೋಗುತ್ತಾರೆ, ನೀನು ಯಾರು ಅಂತ ಯಾರೂ ಕೇಳುವುದಿಲ್ಲ. ಕೆಲವರಿಗೆ ಅಷ್ಟು ಸಾಕು. ಬಹಳ ದಿನಗಳವರೆಗೆ ನನಗೂ ಅಷ್ಟೇ ಸಾಕಾಗಿತ್ತು.

ಭಾಲ್ಕಿ ಹುಡುಗ

ನನ್ನನ್ನು ಎಲ್ಲ ಕಡೆ ಕೇಳಿದ್ದಾರೆ. ಬಹಳ ಕೇಳಿದ್ದಾರೆ. ಊರು ಯಾವುದು, ಅಡ್ಡಹೆಸರು ಏನು, ಅಜ್ಜ ಏನು ಮಾಡುತ್ತಿದ್ದರು, ನಿಮ್ಮವರು ಯಾವಾಗ ಕ್ರೈಸ್ತರಾದರು. ಈ ಪ್ರಶ್ನೆಗಳೆಲ್ಲ ಯಾಕೆ ಅಂತ ನಮಗೆ ಗೊತ್ತು. ಉತ್ತರ ಸಿಕ್ಕ ಮೇಲೆ ಮುಖ ಬದಲಾಗುವುದನ್ನೂ ನೋಡಿದ್ದೇವೆ.

ಬೀದರ್ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಮೆಥೋಡಿಸ್ಟ್ ಸಭೆಗಳಿವೆ, ಬಹುಪಾಲು ನಮ್ಮ ದಲಿತ ಜನರೇ. ಊರಲ್ಲಿ ನಮ್ಮನ್ನು ದೂರ ಇಟ್ಟಿದ್ದರು. ಚರ್ಚಿನಲ್ಲಿ ಒಂದೇ ಚಾಪೆಯ ಮೇಲೆ ಕೂತೆವು, ಒಂದೇ ಪಾತ್ರೆಯಿಂದ ಕುಡಿದೆವು. ನಮ್ಮಜ್ಜಿಗೆ ಅಕ್ಷರ ಕಲಿಸಿದ್ದೇ ಅಲ್ಲಿ. ಅದರ ಬೆಲೆ ನನಗೆ ಗೊತ್ತಿದೆ, ಅದಕ್ಕೇ ನಾನು ಇವತ್ತಿಗೂ ಸಭೆ ಬಿಟ್ಟಿಲ್ಲ.

ಆದರೆ ನಗರಕ್ಕೆ ಬಂದಾಗ ಒಂದು ಸಭೆಯಲ್ಲಿ ಮದುವೆ ಮಾತು ಬಂದಾಗ ಹಳೆಯ ಜಾತಿ ಹಾಗೇ ಹೊರಗೆ ಬಂತು. ಭಾನುವಾರ ಬ್ರದರ್ ಬ್ರದರ್ ಅನ್ನುತ್ತಿದ್ದವರೇ. ಸರ್ಕಾರದ ಪರಿಶಿಷ್ಟ ಜಾತಿ ಪಟ್ಟಿಯಲ್ಲೂ ನಾವು ಇಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ಕ್ರೈಸ್ತ ದಲಿತರಿಗೆ ಇಲ್ಲ. ಹೊರಗೆ ಕ್ರೈಸ್ತ ಅಂತ ಹಕ್ಕು ಹೋಯಿತು, ಒಳಗೆ ದಲಿತ ಅಂತ ಜಾಗ ಹೋಯಿತು.

ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಓದಿ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಜಾಗ, ಹೀಗೆ ಮಾಡುತ್ತೀರಲ್ಲಾ ಅಂತ ಮೊದಲ ಶತಮಾನದ ಸಭೆಗೇ ಬೈದಿದ್ದಾನೆ. ಸ್ವಾಗತದ ಚರ್ಚೆ ಮಾಡುವವರು ಅಲ್ಲಿಂದ ಶುರು ಮಾಡಬೇಕು.

ಕುಲಶೇಖರದ ಮಗ

ಅಣ್ಣ, ನೀವು ಹೇಳಿದ್ದು ನಮ್ಮ ಕಡೆಗೂ ಸಲ್ಲುತ್ತದೆ. ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣದ ನೀತಿ ಹೊರಡಿಸಿತು. ಚರ್ಚಿನೊಳಗೆ ಜಾತಿಭೇದ ಇದೆ ಅಂತ ಅದರಲ್ಲೇ ಒಪ್ಪಿಕೊಂಡಿದ್ದಾರೆ. ಕಾಗದದ ಮೇಲೆ ಒಪ್ಪಿದ್ದು ದೊಡ್ಡ ಹೆಜ್ಜೆ. ವಾರ್ಡಿನ ಮಟ್ಟಕ್ಕೆ ಅದು ಇನ್ನೂ ಇಳಿಯಬೇಕು.

ಹಂಚಿನ ಮನೆ

ಭಾಲ್ಕಿಯವರ ಮಾತಿಗೆ ಸೇರಿಸಿ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಸಭೆ ಸೇರುವುದು ಅಂದರೆ ಒಂದು ಕಾಲದಲ್ಲಿ ಅನ್ನದ ಪ್ರಶ್ನೆಯೇ ಆಗಿತ್ತು.

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಗೇಣಿ ಭೂಮಿ ಹೋಯಿತು, ಕುಲಕಸುಬು ಹೋಯಿತು, ಬಾವಿಯ ನೀರು ಹೋಯಿತು. ಬ್ರಾಹ್ಮಣರಾಗಿದ್ದ ಆನಂದರಾಯ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಇವರೆಲ್ಲರಿಗೆ ಬರೀ ಪ್ರಾರ್ಥನೆ ಕಲಿಸಿ ಕಳಿಸಿದರೆ ಸಾಯುತ್ತಿದ್ದರು. ಅದಕ್ಕೆ ಮಿಶನ್ ನೇಯ್ಗೆ ಶುರು ಮಾಡಿತು, ಅಚ್ಚುಕೂಟ ಮಾಡಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಅಂತ ಊರೆಲ್ಲ ಹೆಸರಾದದ್ದು ಹಾಗೆ. ನಮ್ಮ ಮನೆತನದವರು ಅಲ್ಲಿ ಕೆಲಸ ಮಾಡಿದವರು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಕಡೆ ಮಣ್ಣು ತುಳಿದರು, ಒಂದೇ ಕಾಂಪೌಂಡಿನಲ್ಲಿ ಮನೆ ಮಾಡಿದರು, ಮಕ್ಕಳನ್ನು ಒಬ್ಬರಿಗೊಬ್ಬರು ಕೊಟ್ಟು ತಂದರು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೆಲಸ, ಮನೆ, ಶಾಲೆ ಎಲ್ಲ ಮಿಶನ್ ಕೈಯಲ್ಲೇ ಇದ್ದಾಗ ಜನ ಅವರ ಹಂಗಿನಲ್ಲೂ ಇದ್ದರು. ಕಾಂಪೌಂಡಿನ ಹೊರಗಿನವರ ಜೊತೆ ಒಡನಾಟ ಕಡಿಮೆಯಾಯಿತು. ಆದರೂ ನನಗೆ ಅದರಲ್ಲಿ ಕಾಣುವುದು ಇದು: ಹೊಸಬರನ್ನು ಸೇರಿಸಿಕೊಂಡವರು ಅವರ ಹೊಟ್ಟೆಯ ಬಗ್ಗೆಯೂ ಯೋಚಿಸಿದರು. ಇವತ್ತು ಬೆಂಗಳೂರಿಗೆ ಬಂದ ಹುಡುಗಿಗೆ ಬಾಡಿಗೆ ಮನೆ ಸಿಗುವುದಿಲ್ಲ, ನೈಟ್ ಡ್ಯೂಟಿ ಮುಗಿಸಿ ಬಂದರೆ ಊಟ ಇರುವುದಿಲ್ಲ. ಸಭೆಯಲ್ಲಿ ಮನೆ ಬಾಡಿಗೆಗೆ ಕೊಡುವವರಿದ್ದಾರೆ, ಮೆಸ್ ನಡೆಸುವವರಿದ್ದಾರೆ. ಅವರನ್ನು ಇವರನ್ನು ಸೇರಿಸುವ ಕೆಲಸ ಯಾರಾದರೂ ವಹಿಸಿಕೊಳ್ಳಬೇಕು.

ಪುಟ್ಟನ ಅಮ್ಮ

ನನ್ನ ಮಗನಿಗೆ ಆಟಿಸಂ ಇದೆ. ಆರ್ಗನ್ ಜೋರಾದರೆ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ನಡುವೆ ಎದ್ದು ಓಡುತ್ತಾನೆ. ಹಿಂದೆ ಹೋಗುತ್ತಿದ್ದ ಚರ್ಚಿನಲ್ಲಿ ಜನ ತಿರುಗಿ ನೋಡುತ್ತಿದ್ದರು, ಒಬ್ಬರು ಬಂದು "ಮಗುವನ್ನು ಹೊರಗೆ ಕರೆದುಕೊಂಡು ಹೋಗಿ" ಅಂದರು. ಹೋದೆವು. ಬಹಳ ಕಾಲ ಎಲ್ಲಿಗೂ ಹೋಗಲಿಲ್ಲ.

ಈಗಿನ ಸಭೆ ಚಿಕ್ಕದು. ಸಭಾಪಾಲಕರ ಹೆಂಡತಿ, ನಾವು ಅಮ್ಮ ಅಂತಲೇ ಕರೆಯುವುದು, ಮೊದಲೇ ಮನೆಗೆ ಬಂದು ಮಗನ ಜೊತೆ ನೆಲದ ಮೇಲೆ ಕೂತು ಆಡಿದರು. ಅವನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ ಅಂತ ಕೇಳಿ ತಿಳಿದುಕೊಂಡರು. ಸ್ಪೀಕರಿನಿಂದ ದೂರ, ಬಾಗಿಲ ಪಕ್ಕದ ಬೆಂಚು ನಮಗೆ ಬಿಟ್ಟಿರುತ್ತಾರೆ. ಅವನು ಓಡಿದರೆ ಅಂಗಳದಲ್ಲಿ ಒಬ್ಬ ಯುವಕ ಅವನ ಜೊತೆ ಸುತ್ತು ಹಾಕುತ್ತಾನೆ, ನಾನು ಒಳಗೇ ಕೂತಿರಬಹುದು. ಒಂದು ಪ್ರಸಂಗವನ್ನು ಪೂರ್ತಿ ಕೇಳಿದ ದಿನ ನಾನು ಅತ್ತುಬಿಟ್ಟೆ. ಕಾಣಿಕೆ ಚೀಲ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುವುದು ಈಗ ಅವನ ಕೆಲಸ. ಅಷ್ಟು ಹೊತ್ತು ಅವನು ಕೂಗುವುದಿಲ್ಲ.

ಗಾಯನ ತಂಡದ ಅಕ್ಕ

ಓದಿ ಕಣ್ಣು ತುಂಬಿತು. ಆ ಅಮ್ಮನಿಗೆ ನಮ್ಮ ವಂದನೆ ತಿಳಿಸಿ.

ಟಿ. ನರಸೀಪುರ ರಸ್ತೆ

ಒಂದು ವಿಷಯ ಯಾರೂ ಎತ್ತಲಿಲ್ಲ. ಕೆಲವು ಸಭೆಗಳು ಹೊಸಬರನ್ನು ಕಂಡರೆ ಹೆದರುತ್ತವೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಸುತ್ತಮುತ್ತಲೂ ಚರ್ಚುಗಳ ಮೇಲೆ ದಾಳಿ ಆಯಿತು. ಮನೆಗಳಲ್ಲಿ, ಬಾಡಿಗೆ ಹಾಲ್‌ಗಳಲ್ಲಿ ಕೂಡುವ ಚಿಕ್ಕ ಸಭೆಗಳಿಗೆ ಆಮೇಲೂ ತೊಂದರೆ ತಪ್ಪಲಿಲ್ಲ. ಅಂಥ ಕಡೆ ಅಪರಿಚಿತನೊಬ್ಬ ಹಿಂದೆ ಬಂದು ಕೂತರೆ ಮೊದಲು ಬರುವುದು ಅನುಮಾನ. ನಾನೇ ಒಂದು ಪ್ರಾರ್ಥನಾ ಮನೆಗೆ ಹೋದಾಗ ಮೊಬೈಲ್ ಹೊರಗೆ ಇಡಿಸಿದರು, ಯಾರು ಕಳಿಸಿದ್ದು ಅಂತ ಕೇಳಿದರು. ನನಗೆ ಬೇಜಾರಾಗಲಿಲ್ಲ. ಪಾಸ್ಟರ್ ಕೈ ನಡುಗುತ್ತಿತ್ತು. ಸ್ವಾಗತ ಇಲ್ಲ ಅಂತ ದೂರುವ ಮೊದಲು ಆ ಸಭೆ ಏನು ಅನುಭವಿಸಿದೆ ಅಂತಲೂ ನೋಡಬೇಕು. ಪರಿಚಯದವರೊಬ್ಬರ ಜೊತೆ ಹೋಗುವುದು ಅಲ್ಲಿ ಒಳ್ಳೆಯದು.

ಶುಕ್ರವಾರದ ಚರ್ಚು

ದುಬೈನಿಂದ. ಇಲ್ಲಿ ವಾರದ ರಜೆ ಶುಕ್ರವಾರ ಇದ್ದದ್ದರಿಂದ ಆರಾಧನೆಯೂ ಶುಕ್ರವಾರವೇ ರೂಢಿ. 2022ರಲ್ಲಿ ರಜೆ ಶನಿವಾರ-ಭಾನುವಾರಕ್ಕೆ ಬದಲಾಯಿತು, ಆದರೂ ಬಹಳ ಜನ ಇನ್ನೂ ಶುಕ್ರವಾರ ಬರುತ್ತಾರೆ. ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಎಷ್ಟೋ ಭಾಷೆಯ ಸಭೆಗಳು ಸರದಿಯ ಮೇಲೆ ಕೂಡುತ್ತವೆ. ಒಂದು ಕೋಣೆಯಲ್ಲಿ ಮಲಯಾಳಂ, ಪಕ್ಕದಲ್ಲಿ ಉರ್ದು, ಆಚೆ ಫಿಲಿಪೈನ್ಸ್‌ನವರು. ಇಲ್ಲಿ ಎಲ್ಲರೂ ಊರು ಬಿಟ್ಟು ಬಂದವರೇ, ಹಾಗಾಗಿ ಒಬ್ಬರನ್ನೊಬ್ಬರು ಬೇಗ ಹಿಡಿದುಕೊಳ್ಳುತ್ತಾರೆ. ಕನ್ನಡದಲ್ಲಿ ಪ್ರಾರ್ಥನೆ ಮಾಡುವ ನಾಲ್ಕು ಜನ ಸಿಕ್ಕರೆ ಸಿ.ಎಸ್.ಐ., ಮೆಥೋಡಿಸ್ಟ್, ಕ್ಯಾಥೊಲಿಕ್ ಅಂತ ಯಾರೂ ಕೇಳುವುದಿಲ್ಲ. ಊರಲ್ಲಿ ಇದ್ದಾಗ ಈ ಪಂಗಡಗಳ ನಡುವೆ ಹೋಗಿ ಬರುವುದೇ ಕಡಿಮೆ ಇತ್ತು.

ಬೆಟಗೇರಿಯವಳು

ಇಷ್ಟೆಲ್ಲ ಬರೆದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾಲ್ಕಿ ಅಣ್ಣ, ಮೈಸೂರಿನ ಅಕ್ಕ, ಪುಟ್ಟನ ಅಮ್ಮ, ನಿಮ್ಮ ಮೂವರ ಮಾತು ನನ್ನ ಪ್ರಶ್ನೆಯನ್ನೇ ದೊಡ್ಡದು ಮಾಡಿತು.

ಆಫೀಸಿಗೆ ಫೋನ್ ಮಾಡಿ ಕೇಳಿದೆ. ನಮ್ಮ ಏರಿಯಾದಲ್ಲಿ ಬುಧವಾರ ಸಂಜೆ ಮನೆ ಕೂಟ ಇದೆಯಂತೆ, ನನ್ನ ಪಿಜಿಗೆ ಹತ್ತಿರವೇ. ಈ ವಾರ ಡೇ ಶಿಫ್ಟ್, ಹೋಗುತ್ತೇನೆ. ಗಾಯನದ ಅಕ್ಕ, ನಾನು ಊರಲ್ಲಿ ಆಲ್ಟೋ, ಅಂದರೆ ಹೆಂಗಸರ ಕೆಳಗಿನ ದನಿ, ಹಾಡುತ್ತಿದ್ದೆ, ಟಾನಿಕ್ ಸೋಲ್ಫಾ ಅನ್ನುವ ಸ್ವರಲಿಪಿ ಓದಲು ಬರುತ್ತದೆ.

ಒಂದು ಪ್ರಶ್ನೆ ಉಳಿದಿದೆ. ಸದಸ್ಯತ್ವಕ್ಕೆ ಊರಿನ ಸಭೆಯಿಂದ ಪತ್ರ ತರಬೇಕಂತೆ. ಅದು ತಂದರೆ ಬೆಟಗೇರಿಯಲ್ಲಿ ನನ್ನ ಹೆಸರು ತೆಗೆಯುತ್ತಾರಾ? ಅಪ್ಪನಿಗೆ ಬೇಜಾರಾಗುತ್ತದೆ ಅಂತ ಚಿಂತೆ.

ಗಾಯನ ತಂಡದ ಅಕ್ಕ

ಆಲ್ಟೋ ಹಾಡುವವರು, ಅದೂ ಸೋಲ್ಫಾ ಬರುವವರು! ಯಾವ ಚರ್ಚಿನವರಾದರೂ ನಿನ್ನನ್ನು ಬಿಡುವುದಿಲ್ಲ. ಅಭ್ಯಾಸ ಯಾವ ದಿನ ಅಂತ ನಾಳೆಯೇ ಕೇಳು. ಶಿಫ್ಟ್ ಪಟ್ಟಿಯನ್ನು ತಂಡದ ನಾಯಕರಿಗೆ ಮೊದಲೇ ಕೊಟ್ಟುಬಿಡು. ನಮ್ಮ ತಂಡದಲ್ಲೂ ನರ್ಸ್‌ಗಳಿದ್ದಾರೆ, ಅವರ ಪಟ್ಟಿ ನೋಡಿಯೇ ಹಾಡು ಆರಿಸುತ್ತೇವೆ.

ಸಭಾ ಹಿರಿಯ

ಮಗಳೇ, ಪತ್ರದ ವಿಷಯ ಹೇಳುತ್ತೇನೆ. ವರ್ಗಾವಣೆ ಪತ್ರ ಕೊಟ್ಟ ಮೇಲೆ ಸದಸ್ಯರ ಪಟ್ಟಿಯಲ್ಲಿ ನಿನ್ನ ಹೆಸರು ಅಲ್ಲಿಂದ ಇಲ್ಲಿಗೆ ಬರುತ್ತದೆ. ಆದರೆ ನಿನ್ನ ದೀಕ್ಷಾಸ್ನಾನ, ದೃಢೀಕರಣ ದಾಖಲಾದ ಪುಸ್ತಕ ಬೆಟಗೇರಿಯಲ್ಲೇ ಇರುತ್ತದೆ, ಅದರಿಂದ ಯಾರೂ ಹೆಸರು ಹೊಡೆಯುವುದಿಲ್ಲ. ಅಪ್ಪನಿಗೆ ಇದನ್ನು ಹೇಳು. ಪತ್ರ ಕೇಳುವಾಗ ಆ ಎರಡು ತಾರೀಖುಗಳನ್ನು ಬರೆಸಿಕೋ, ಮುಂದೆ ಮದುವೆ ಸಮಯದಲ್ಲಿ ಬೇಕಾಗುತ್ತವೆ. ಊರಿನ ವಂತಿಗೆ ಬಾಕಿ ಇದ್ದರೆ ಕಟ್ಟಿಸಿಬಿಡು.

ಪತ್ರ ಬರುವವರೆಗೆ ಕಾಯಬೇಡ. ಕೂಟಕ್ಕೆ, ಗಾಯನಕ್ಕೆ, ಕರ್ತರ ಭೋಜನಕ್ಕೆ ಅದು ಬೇಕಿಲ್ಲ. ಕಮಿಟಿ ಚುನಾವಣೆಯಲ್ಲಿ ಮತ ಹಾಕಲು ಮಾತ್ರ ಬೇಕು.